ಅಪ್ಪನ ಹೆಸರು ಮುಂದೆ ಬಂದಾಗ

"ಈ ಎರಡೂ ಕಾಗದ ನಿಮ್ಮ ಕೈಕೆಳಗೇ ಹುಟ್ಟಿದ್ದು ತಾನೇ?"

ವಿಮೆಯಕ್ಕ ಎರಡು ತಪಾಸಣೆ ಪತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಕನ್ನಡಕದ ಡಬ್ಬಿಯನ್ನು ಮೇಲೆ ಹೇರಿದಳು.

ಎದುರಿಗೆ ಕೂತವನು ಕಾಗದ ಮುಟ್ಟಲಿಲ್ಲ. ಕತ್ತು ಮುಂದೆ ಮಾಡಿ ನೋಡಿದ, ಅಷ್ಟೆ. ಲಿಫ್ಟ್ ಕಂಪನಿಯ ದಾಖಲೆ ವಿಭಾಗದಲ್ಲಿ ಅವನದು ಹದಿನೈದು ವರ್ಷದ ಸೇವೆ. ಏಳು ಭಾಷೆಗಳಲ್ಲಿ ಹೊರಡುವ ಪ್ರತಿ ಪತ್ರದ ಅಳತೆ, ಅಂಚು, ಅಕ್ಷರದ ಗಾತ್ರ, ಹೆಸರು ಬರೆಯುವ ಕ್ರಮ, ಎಲ್ಲವನ್ನೂ ನಿಗದಿ ಮಾಡುವ ಸ್ಟೈಲ್‌ಶೀಟ್ ಅವನ ಕೈಯದು. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಕಚೇರಿಯವರು ಬೆನ್ನ ಹಿಂದೆ ಅವನನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಮುಖದ ಮುಂದೆ ಕರೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ನಮ್ಮದೇ. ಏನು ತಪ್ಪಿದೆ ಇದರಲ್ಲಿ?"

"ತಪ್ಪಿದೆ ಅಂತ ನಾನೆಲ್ಲಿ ಹೇಳ್ದೆ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಅಲ್ಪವಿರಾಮ ನಗಲಿಲ್ಲ. ಪಾಪ, ನಗುವ ಹೊತ್ತೂ ಅದಾಗಿರಲಿಲ್ಲ. ವಿಮೆಯಕ್ಕನ ಹಳೇ ಗೆಳತಿ ಹೊಲಿಗೆಯಮ್ಮನ ಒಬ್ಬನೇ ಮಗ, ಇದೇ ಕಂಪನಿಯ ಲಿಫ್ಟ್ ಮೆಕ್ಯಾನಿಕ್, ಕಂಬಿಯ ಹಿಂದೆ ಹೋಗಿ ಹನ್ನೆರಡು ದಿನವಾಗಿತ್ತು. ಅವನ ಹೆಸರಿನಲ್ಲಿ 'ಬ್ರೇಕ್ ಸರಿ ಇದೆ' ಎಂದು ದಾಖಲಾದ ಐದನೇ ದಿನಕ್ಕೆ ಲಿಫ್ಟು ನೆಲಕ್ಕೆ ಅಪ್ಪಳಿಸಿ, ಹಲ್ಲಿನ ಡಾಕ್ಟರ ಹತ್ತಿರ ಬಂದಿದ್ದ ಗಣಿತದ ಟೀಚರೊಬ್ಬರು ಜೀವ ಬಿಟ್ಟಿದ್ದರು. ನಾಳೆ ಬೆಳಗ್ಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಬೇರೆ ಸಾಕ್ಷ್ಯ ಸಿಗದಿದ್ದರೆ ಜಾಮೀನಿನ ಮಾತೇ ಇಲ್ಲ ಎಂದು ವಕೀಲ ಕೈ ಚೆಲ್ಲಿದ್ದ.

ವಿಮೆಯಕ್ಕನಿಗೆ ಕಾಡುತ್ತಿದ್ದದ್ದು ಬೇರೆ. ಆ ಹುಡುಗ 'ನಾನು ಮಾಡಿಲ್ಲ' ಎಂದು ಒಂದು ಸಲವೂ ಹೇಳಿರಲಿಲ್ಲ. 'ನಾನೇ ಮಾಡಿದೆ' ಎಂದೂ ಹೇಳಿರಲಿಲ್ಲ. ವಿಮೆ ಕಂಪನಿಗಾಗಿ ಮೂವತ್ತೆರಡು ವರ್ಷ ಸುಳ್ಳರ ಬೆನ್ನು ಹತ್ತಿ ನಿವೃತ್ತಳಾದ ಹೆಂಗಸು ಆಕೆ. ಬಾಯಿ ಬಡಿದುಕೊಳ್ಳುವವರನ್ನು ಕಂಡಿದ್ದಳು, ಅತ್ತು ಕರೆಯುವವರನ್ನು ಕಂಡಿದ್ದಳು. ಹೀಗೆ ಬಾಯಿಗೆ ಬೀಗ ಹಾಕಿ ಕೂತವನನ್ನು ಕಂಡರೆ ಆಕೆಗೆ ಭಯವಾಗುತ್ತಿತ್ತು.

"ನೋಡಿ ಇವರೇ," ಎಂದಳು, "ಆ ಕಟ್ಟಡದ ಮೇಲ್ವಿಚಾರಕನ ಹತ್ತಿರ ಹಳೇ ಪತ್ರಗಳ ಕಡತ ಇದೆ. ಮೂರು ವರ್ಷದ್ದು. ತಿಂಗಳಿಗೊಂದು ತಪಾಸಣೆ. ಮೂರು ವರ್ಷವೂ ಬಂದಿರೋದು ಹುಡುಗನ ಅಪ್ಪನ ಹೆಸರು, ನಿಮ್ಮ ಕಂಪನಿಯ ಮೇಸ್ತ್ರಿಯದು. ಆ ಲಿಫ್ಟು ಅವರ ಪಾಲಿನದು. ಕೊನೇ ಪತ್ರದಲ್ಲಿ ಮಾತ್ರ ಮಗನ ಹೆಸರು."

"ಮಗನಿಗೆ ವಹಿಸಿರಬೇಕು."

"ವಹಿಸಿದ ಆದೇಶ ಎಲ್ಲಿದೆ? ನಿಮ್ಮ ಮ್ಯಾನೇಜರನ್ನ ಕೇಳ್ದೆ. ಹುಡುಕ್ತೀವಿ ಅಂದ್ರು. ಹನ್ನೆರಡು ದಿನದಿಂದ ಹುಡುಕ್ತಿದ್ದಾರೆ."

"ಅಲ್ಲಿಗೆ ಹೋದವನನ್ನ ಯಾರೂ ನೋಡಿಲ್ವಾ?"

"ಕಂಪನಿಯ ಟೋಪಿ ನೋಡಿದ್ದಾರೆ. ಟೋಪಿ ಕೆಳಗಿನ ಮುಖ ಯಾರು ನೋಡ್ತಾರೆ? ಹಿಂಬಾಗಿಲಿನಿಂದ ಬಂದ, ಮೇಲೆ ಹೋದ, ಇಳಿದು ಹೋದ."

ವಿಮೆಯಕ್ಕ ಚೀಲದಿಂದ ಮೂರನೇ ಕಾಗದ ತೆಗೆದಳು. ಬೆಂಕಿ ಆರಿಸುವ ಸಿಲಿಂಡರಿಗೆ ಇದೇ ಕಂಪನಿ ಕೊಟ್ಟ ಚೀಟಿ, ಇದೇ ತಿಂಗಳಿನದು. ಅದರಲ್ಲಿದ್ದದ್ದು ತಪಾಸಣೆ ಮಾಡಿದವನ ಹೆಸರು, ಅವಳ ಪಕ್ಕದ ಬೀದಿಯಲ್ಲೇ ಇರುವ ಕಂಪನಿಯ ಎಲೆಕ್ಟ್ರಿಶಿಯನ್‌ನದು. ಸ್ವಂತ ಹೆಸರು ಹಿಂದಕ್ಕೆ ಹೋಗಿತ್ತು, ಅಪ್ಪನ ಹೆಸರು ಮುಂದಕ್ಕೆ ಬಂದಿತ್ತು.

"ಇವನನ್ನ ಕೇಳ್ದೆ. 'ಒಂದನೇ ತಾರೀಖಿನಿಂದ ಹೀಗೇ ಬರ್ತಿದೆ ಅಕ್ಕಾ, ಸತ್ತ ನಮ್ಮಪ್ಪನ್ನ ಮತ್ತೆ ಕೆಲಸಕ್ಕೆ ಸೇರಿಸ್ಕೊಂಡಿದ್ದಾರೆ' ಅಂತ ನಕ್ಕ. ನನಗೆ ಮಾತ್ರ ನಗು ಬರ್ಲಿಲ್ಲ. ಒಂದನೇ ತಾರೀಖು ನೀವೇನು ಮಾಡಿದ್ರಿ?"

ಅಲ್ಪವಿರಾಮನ ಮುಖದ ಬಣ್ಣ ಇಳಿಯಿತು. ಆದರೂ ಅಭಿಮಾನ ಬಿಡಬೇಕಲ್ಲ?

"ನನ್ನ ಶೀಟ್ ತಪ್ಪು ಮಾಡಲ್ಲ. ಮೊದಲು ಏಳು ಭಾಷೆಗೆ ಏಳು ಕ್ರಮ ಇತ್ತು. ಕೆಲವು ಕಡೆ ಮನೆತನದ ಹೆಸರು ಮುಂದೆ, ಕೆಲವು ಕಡೆ ಸ್ವಂತ ಹೆಸರು ಮುಂದೆ. ಕೆಲವು ಕಡೆ ಮನೆತನದ ಹೆಸರೇ ಇಲ್ಲ, ಅಪ್ಪನ ಹೆಸರು ಸೇರಿಸ್ಕೋತಾರೆ. ಒಂದೊಂದನ್ನೂ ಆಯಾ ಊರಿನವರನ್ನ ಕೇಳಿ ಕೇಳಿ ಬರೆದಿದ್ದೆ. ಮುಖ್ಯ ಕಚೇರಿಯಿಂದ ಪತ್ರ ಬಂತು, ಎಲ್ಲದಕ್ಕೂ ಒಂದೇ ಕ್ರಮ ಇರಲಿ, ಎರಡನೇ ಹೆಸರು ಮುಂದೆ ಬರಲಿ ಅಂತ. ಹಾಗೇ ಮಾಡಿದೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು."

"ಆದರೆ ಮನುಷ್ಯ ಬದಲಾಗಲ್ಲ ಅಲ್ವಾ? ಹಿಂದೆ ಮುಂದೆ ಆದ್ರೂ ಅವನು ಅವನೇ. ಓದೋಕೆ ವಿಚಿತ್ರ ಅನ್ನಿಸಬಹುದು, ಅಷ್ಟೆ."

ವಿಮೆಯಕ್ಕ ಅವನ ಪೆನ್ನಿನ ಲೋಟದಿಂದ ಎರಡು ಪೆನ್ಸಿಲ್ ಎತ್ತಿಕೊಂಡಳು, ಒಂದು ನೀಲಿ, ಒಂದು ಕೆಂಪು. ಮೊದಲು ನೀಲಿ, ಅದರ ಬಲಕ್ಕೆ ಕೆಂಪು ಇಟ್ಟಳು.

"ಮೇಸ್ತ್ರಿಯ ಸ್ವಂತ ಹೆಸರು ನೀಲಿ ಅನ್ನಿ. ಅವರಪ್ಪನ ಹೆಸರು ಕೆಂಪು. ಹಾಗಾಗಿ ಮೇಸ್ತ್ರಿ ನೀಲಿ ಕೆಂಪು. ಈಗ ಅವರಿಗೊಬ್ಬ ಮಗ ಹುಟ್ಟಿದ. ಅವರ ಮನೇಲಿ ಮೊಮ್ಮಗನಿಗೆ ಅಜ್ಜನ ಹೆಸರು. ಮಗನ ಹೆಸರೇನಾಯ್ತು?"

"ಕೆಂಪು," ಎಂದ ಅಲ್ಪವಿರಾಮ, ಪಾಠ ಒಪ್ಪಿಸುವ ಹುಡುಗನ ಹಾಗೆ. "ಅಪ್ಪನ ಹೆಸರು ನೀಲಿ. ಕೆಂಪು ನೀಲಿ."

"ಈಗ ಮೇಸ್ತ್ರಿಯ ಹೆಸರನ್ನ ನಿಮ್ಮ ಹೊಸ ಕ್ರಮದಲ್ಲಿ ಅಚ್ಚು ಹಾಕಿ."

ಅವನು ಕೈ ಚಾಚಿದ. ಕೆಂಪನ್ನು ಎತ್ತಿ ನೀಲಿಯ ಎಡಕ್ಕೆ ಇಟ್ಟ. ಇಟ್ಟವನು ಬೆರಳು ತೆಗೆಯಲೇ ಇಲ್ಲ.

ಮೇಜಿನ ಮೇಲೆ ಈಗ ಇದ್ದದ್ದು ಕೆಂಪು ನೀಲಿ, ಮಗನ ಹೆಸರು. ಗೆದ್ದೆ ಎಂಬ ಸಂತೋಷ ವಿಮೆಯಕ್ಕನಿಗೆ ಆಗಲಿಲ್ಲ. ತಪ್ಪು ಮಾಡಿದವನು ಮೈಗಳ್ಳನಾಗಿದ್ದರೆ ಬಯ್ಯಬಹುದು. ಇಷ್ಟು ಅಚ್ಚುಕಟ್ಟಾದ ಮನುಷ್ಯನನ್ನು ಏನೆಂದು ಬಯ್ಯುವುದು?

"ಪರೀಕ್ಷೆ ಮಾಡಿ ನೋಡಲಿಲ್ಲ," ಎಂದ ಅವನು ಕೊನೆಗೆ. "ನೂರಾರು ಹೆಸರು ಹಾಕಿ ನೋಡ್ತಿದ್ದೆ ಮೊದಲೆಲ್ಲ. ಈ ಸಲ ಕೋಪ ಬಂದಿತ್ತು. ನನ್ನ ಹದಿನೈದು ವರ್ಷದ ಕೆಲಸನ ಒಂದು ಸಾಲಿನ ಪತ್ರದಲ್ಲಿ ಅಳಿಸಿ ಅಂದ್ರಲ್ಲ, ಹಾಳಾಗಿ ಹೋಗಲಿ ಅಂತ ಅಳಿಸಿದೆ. ಅಷ್ಟೇ ಮೇಡಂ. ಕೋಪದಲ್ಲಿ ಮಾಡಿದ್ದು."

"ಪೊಲೀಸರಿಗೆ ಕೊಟ್ಟಿದ್ದು ಅಚ್ಚಾದ ಪತ್ರ ಮಾತ್ರ?"

"ಅದೇ. ಆದರೆ ಅಚ್ಚಾಗೋದು ಬರೀ ಬಟ್ಟೆ ಮೇಡಂ. ಮೈ ಒಳಗಿರತ್ತೆ. ಮೆಕ್ಯಾನಿಕ್ ಲಿಫ್ಟಿನ ಮಷೀನ್ ರೂಮಿನಲ್ಲಿ ತನ್ನ ಕಾರ್ಡು ಉಜ್ಜಿದ ತಕ್ಷಣ ಸ್ವಂತ ಹೆಸರು ಕಂಪ್ಯೂಟರಿನ ಒಂದು ಮನೇಲಿ, ಎರಡನೇ ಹೆಸರು ಇನ್ನೊಂದು ಮನೇಲಿ, ಕಾರ್ಡಿನ ಸಂಖ್ಯೆ ಮತ್ತೊಂದರಲ್ಲಿ ಹೋಗಿ ಕೂರತ್ತೆ. ಅದನ್ನ ಯಾವ ಶೀಟೂ ಮುಟ್ಟಲ್ಲ."

"ಆ ಮೂಲ ದಾಖಲೆ ನನಗೆ ಬೇಕು."

ಅವನು ಬಾಗಿಲ ಕಡೆ ನೋಡಿದ. "ಹೊರಗಿನವರಿಗೆ ಕೊಟ್ಟರೆ ಕೆಲಸ ಹೋಗತ್ತೆ. ಹೋದ ವಾರ ಎಲ್ಲರ ಹತ್ತಿರ ಸಹಿ ಹಾಕಿಸ್ಕೊಂಡ್ರು."

ವಿಮೆಯಕ್ಕ ಒತ್ತಾಯ ಮಾಡಲಿಲ್ಲ. ಅವನ ಎದೆಯ ಮೇಲೆ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡುತ್ತಿದ್ದಳು. ಅದರಲ್ಲಿ ಒಂದೇ ಹೆಸರು ಎರಡು ಸಲ ಅಚ್ಚಾಗಿತ್ತು.

ಅವಳ ನೋಟ ಹಿಡಿದು ಅವನೂ ಕೆಳಗೆ ನೋಡಿಕೊಂಡ. "ನಮ್ಮ ಕಡೆ ಒಬ್ಬ ಮನುಷ್ಯನಿಗೆ ಒಂದೇ ಹೆಸರು. ಫಾರಂನಲ್ಲಿ ಎರಡನೇ ಮನೆ ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪಲ್ಲ. ಅದಕ್ಕೆ ಅದನ್ನೇ ಎರಡು ಸಲ ತುಂಬಿಸಿದ್ರು. ನನ್ನ ಮಗಳು ಚಿಕ್ಕವಳಿದ್ದಾಗ ಕೇಳ್ತಿದ್ಲು, 'ಅಪ್ಪಾ, ನಿನ್ನನ್ನ ಎರಡು ಸಲ ಕರೆದ್ರೆ ಮಾತ್ರ ಬರ್ತೀಯಾ?' ಅಂತ." ಅವನು ಮೊದಲ ಸಲ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. "ಹೆಸರು ಕೆಟ್ಟರೆ ಹೇಗಿರತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ಎಲ್ಲರಿಗಿಂತ ಹೆಚ್ಚು ನನಗೆ ಗೊತ್ತಿರಬೇಕಿತ್ತು."

ಅವನು ಕಂಪ್ಯೂಟರಿನ ಕಡೆಗೆ ತಿರುಗಿ ಕೀಲಿಗಳನ್ನು ಒತ್ತತೊಡಗಿದ. ಮೂಲೆಯ ಪ್ರಿಂಟರು ಒಂದು ಹಾಳೆ ಉಗುಳಿತು. ಅಂಚಿಲ್ಲ, ಗೆರೆಯಿಲ್ಲ, ಕಂಪನಿಯ ಮುದ್ರೆಯೂ ಇಲ್ಲದ ಬೆತ್ತಲೆ ಹಾಳೆ. ಅದರ ಕೆಳಗೆ ಅವನು ತಾರೀಖು ಹಾಕಿ ಸಹಿ ಮಾಡಿದ, ಒಂದೇ ಹೆಸರು, ಒಂದೇ ಸಲ.

ಸ್ವಂತ ಹೆಸರಿನ ಮನೆಯಲ್ಲಿ ಇದ್ದದ್ದು ಮೇಸ್ತ್ರಿಯ ಹೆಸರು. ಕಾರ್ಡಿನ ಸಂಖ್ಯೆಯೂ ಮೇಸ್ತ್ರಿಯದೇ.

"ಹುಡುಗ ಹೊರಗೆ ಬರ್ತಾನೆ ಅಲ್ವಾ?" ಎಂದ ಅಲ್ಪವಿರಾಮ.

"ಬರ್ತಾನೆ," ಎಂದಳು ವಿಮೆಯಕ್ಕ. ಹುಡುಗ ಹೊರಗೆ ಬರುವ ಆ ಬಾಗಿಲಲ್ಲೇ ಯಾರು ಒಳಗೆ ಹೋಗುತ್ತಾರೆ ಎಂಬುದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ.

ಹೊಲಿಗೆಯಮ್ಮನ ಮನೆ ಮುಟ್ಟುವಾಗ ಸಂಜೆ ಐದು ಗಂಟೆ. ಮೆಟ್ಟಿಲು ಹತ್ತುತ್ತ ವಿಮೆಯಕ್ಕ ಎರಡು ಸಲ ನಿಂತಳು, ಒಂದು ಸಲ ಮಂಡಿನೋವಿಗೆ, ಇನ್ನೊಂದು ಸಲ ಮನಸ್ಸು ಬಾರದೆ. ತಂದದ್ದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅವಳಿಗೇ ಗೊತ್ತಿರಲಿಲ್ಲ.

ಕೋಣೆಯ ತುಂಬ ಶಾಲೆಯ ಸಮವಸ್ತ್ರಗಳು. ಕಾಲರಿಲ್ಲದ ಅಂಗಿಗಳು ಒಂದು ರಾಶಿ, ತೋಳಿಲ್ಲದವು ಇನ್ನೊಂದು ರಾಶಿ. ಹೊಲಿಗೆಯಮ್ಮ ಮಷೀನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. ಹನ್ನೆರಡು ದಿನದಲ್ಲಿ ಆಕೆ ಅರ್ಧವಾಗಿದ್ದಳು.

"ಸಿಕ್ತಾ ಅಕ್ಕಾ?"

"ಸಿಕ್ತು ಕಣೇ. ಆವತ್ತು ಕಾರ್ಡು ಉಜ್ಜಿದ್ದು ನಿನ್ನ ಮಗ ಅಲ್ಲ."

ಹೊಲಿಗೆಯಮ್ಮ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನನ್ನ ಹೊಟ್ಟೆ ತಣ್ಣಗೆ ಮಾಡಿದೆ. ನನಗೆ ಗೊತ್ತಿತ್ತು, ಅವನು ಅಂಥವನಲ್ಲ ಅಂತ ನನಗೆ ಗೊತ್ತಿತ್ತು! ಮತ್ತೆ ಯಾರು? ಯಾವ ಪಾಪಿ?"

ವಿಮೆಯಕ್ಕ ಹಾಳೆ ಕೊಟ್ಟಳು. ಮೂವತ್ತು ವರ್ಷ ಆ ಮನೆಯ ಊಟ ತಿಂದವಳಿಗೆ ಗೆಳತಿಯ ಮುಂದೆ ಬಾಯಿಬಿಟ್ಟು ಹೇಳಲು ನಾಲಗೆ ಏಳಲಿಲ್ಲ.

ಹೊಲಿಗೆಯಮ್ಮ ಓದಿದಳು. ಮತ್ತೊಮ್ಮೆ ಓದಿದಳು.

"ಇದು ಇವರ ಹೆಸರಲ್ವಾ?"

"ಯಾರ ಹೆಸರು?"

ಒಳಕೋಣೆಯ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಮೂವತ್ತಾರು ವರ್ಷ ಲಿಫ್ಟುಗಳ ಜೊತೆ ಬಾಳಿದ ಮನುಷ್ಯ, ನಿವೃತ್ತಿಗೆ ಇನ್ನು ಐದು ತಿಂಗಳು. ಗೋಡೆಗೆ ಅಂಗೈ ಸವರಿಕೊಂಡೇ ಅವರು ನಾಲ್ಕು ಹೆಜ್ಜೆ ಬಂದರು. ಬಟ್ಟೆಯ ರಾಶಿ ಕಾಲಿಗೆ ತಾಗಿದಾಗ ನಿಂತರು. ವಿಮೆಯಕ್ಕ ಅದನ್ನು ನೋಡಿದಳು.

"ತಪಾಸಣೆ ಮಾಡಿದ್ದು ನೀವು ಅಂತ ದಾಖಲೆ ಹೇಳತ್ತೆ, ಮೇಸ್ತ್ರಿಗಳೇ. ಅಚ್ಚಾಗೋವಾಗ ಹೆಸರು ತಿರುಗಿ ಮಗನದಾಗಿದೆ."

ಮೇಸ್ತ್ರಿಯ ಮುಖದಲ್ಲಿ ಗಾಬರಿ ಕಾಣಿಸುತ್ತದೆ ಎಂದು ಆಕೆ ಕಾದಿದ್ದಳು. ಕಂಡದ್ದು ನೆಮ್ಮದಿ.

"ಹಾಗಾದ್ರೆ ಅವನನ್ನ ಬಿಡ್ತಾರೆ. ಎಲ್ಲಿ, ಕೊಡಿ ನೋಡೋಣ."

ವಿಮೆಯಕ್ಕ ಚೀಲಕ್ಕೆ ಕೈ ಹಾಕಿ ಒಂದು ಕಾಗದ ಅವರ ಕೈಗಿಟ್ಟಳು. ಮೇಸ್ತ್ರಿ ಅದನ್ನು ಮುಖದ ಹತ್ತಿರ ಹಿಡಿದು, ಸಾಲಿನ ಮೇಲೆ ಬೆರಳು ಓಡಿಸಿ, ತಲೆಯಾಡಿಸಿದರು.

"ಹೌದು. ನನ್ನದೇ ಹೆಸರು, ನನ್ನದೇ ಕಾರ್ಡು. ಸ್ಪಷ್ಟವಾಗಿದೆಯಲ್ಲ. ನಡೀರಿ, ಈಗಲೇ ಸ್ಟೇಷನ್ನಿಗೆ ಹೋಗೋಣ."

ಅವರ ಕೈಯಲ್ಲಿದ್ದದ್ದು ವಿಮೆಯಕ್ಕನ ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಚೀಟಿ.

ಮೂಲ ದಾಖಲೆ ಇನ್ನೂ ಹೊಲಿಗೆಯಮ್ಮನ ತೊಡೆಯ ಮೇಲೇ ಇತ್ತು. ಆಕೆ ಗಂಡನ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು, ಗೆಳತಿಯ ಮುಖ ನೋಡಿದಳು. ಆಮೇಲೆ ದಡಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಇವರ ಮಾತು ಕೇಳಬೇಡ ಅಕ್ಕಾ! ಕಣ್ಣಲ್ಲಿ ಪೊರೆ ಬೆಳೆದು ಎಂಟು ತಿಂಗಳಾಯ್ತು. ಆಪರೇಷನ್ ಅಂದ್ರೆ ಕಂಪನಿಗೆ ಗೊತ್ತಾಗತ್ತೆ, ಮಷೀನ್ ಮುಟ್ಟಬೇಡ ಅಂತ ಮನೆಗೆ ಕಳಿಸ್ತಾರೆ ಅಂತ ಮುಂದೆ ಮುಂದೆ ಹಾಕ್ತಿದ್ದಾರೆ. ಆ ಮಂಗಳವಾರ ಇವರೆಲ್ಲಿ ಹೋಗಿದ್ರು? ಇದೇ ಕೋಣೇಲಿ, ನನ್ನ ಪಕ್ಕ, ಬೆಳಗ್ಗಿಂದ ಸಂಜೆವರೆಗೆ ಗುಂಡಿ ಬೇರೆ ಮಾಡ್ತಾ ಕೂತಿದ್ರು. ಬಿಳೀದು ಕಪ್ಪು ಕೈಗೆ ಗೊತ್ತಾಗ್ತಿಲ್ಲ, ಎಲ್ಲ ಕಲಸಿಟ್ರು ಅಂತ ನಾನು ಬೈದೆ. ನಾನೇ ಸಾಕ್ಷಿ!"

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಆಕೆಗೆ ಹೊಳೆಯಿತು.

ಅಪ್ಪನ ಕಾರ್ಡು ಮಷೀನ್ ರೂಮಿಗೆ ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ಅಪ್ಪ ಮನೆಯಲ್ಲಿದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡು, ಟೋಪಿ ಹಾಕಿಕೊಂಡು, ಹಿಂಬಾಗಿಲಿನಿಂದ ಹೋದವನು ಯಾರು? ಅಪ್ಪನ ಹೆಸರು ಬಾಯಿಂದ ಬೀಳಬಾರದೆಂದು ಹನ್ನೆರಡು ದಿನದಿಂದ ತುಟಿ ಬಿಚ್ಚದೆ ಕೂತಿರುವವನು ಯಾರು? ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹೊಲಿಗೆಯಮ್ಮ ಈಗ ಅಲ್ಲಿ ನಿಂತಿದ್ದಳು.

ವಿಮೆಯಕ್ಕನಿಗೂ ಈಗ ಅರ್ಥವಾಯಿತು. ಅಲ್ಪವಿರಾಮ ಕೋಪದಲ್ಲಿ ಕೆಡಿಸಿದ ಶೀಟ್ ಕುರುಡುಗುರಿಯಲ್ಲಿ ಸರಿಯಾದ ಮನುಷ್ಯನ ಹೆಸರನ್ನೇ ಅಚ್ಚು ಹಾಕಿತ್ತು. ಅವನು ಕೆಲಸವನ್ನೇ ಒತ್ತೆಯಿಟ್ಟು ಕೊಟ್ಟ ಮೂಲ ದಾಖಲೆ ಸುಳ್ಳು ಹೇಳುತ್ತಿತ್ತು.

"ಎಷ್ಟು ತಿಂಗಳಿಂದ ನಿಮ್ಮ ಬದಲು ಅವನು ಹೋಗ್ತಿದ್ದ?" ಎಂದಳು.

"ಆರು." ಮೇಸ್ತ್ರಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು, ಅದು ತಮ್ಮದೇ ಎಂಬಂತೆ. "ತನ್ನ ಸುತ್ತು ಮುಗಿಸಿ ನನ್ನ ಸುತ್ತಿಗೆ ಹೋಗೋನು. ಊಟದ ಹೊತ್ತು ಬಿಟ್ಟು. 'ಅಪ್ಪಾ, ನೀನು ಕಲಿಸಿದ ಕೆಲಸ ತಾನೇ, ಯಾರು ಮಾಡಿದ್ರೇನು' ಅನ್ನೋನು. ಆದ್ರೂ ಮಾಡಿದ್ದು ನಾನೇ. ದಾಖಲೆ ಹೇಳತ್ತಲ್ಲ. ಅಷ್ಟು ಸಾಕು."

"ಸಾಕಾಗಲ್ಲ ಮೇಸ್ತ್ರಿಗಳೇ. ನ್ಯಾಯಾಧೀಶರು ಒಂದು ಕಾಗದ ಕೊಟ್ಟು ಓದಿ ಅಂದ್ರೆ ಏನು ಮಾಡ್ತೀರಿ? ಅಲ್ಲಿ ಸುಳ್ಳು ನಿಲ್ಲಲ್ಲ."

"ಸುಳ್ಳಲ್ಲ."

ಅವರು ಹೆಂಡತಿ ನಿಂತ ಕಡೆಗೆ ತಿರುಗಿದರು. ಸರಿಯಾಗಿ ಅಲ್ಲ, ಒಂದು ಗೇಣು ಪಕ್ಕಕ್ಕೆ.

"ನಿನಗೂ ಹೇಳಿಲ್ಲ ಕಣೇ. ಆವತ್ತು ನೀನು ಗುಂಡಿಗೆ ಬೈದು ಒಳಗೆ ಹೋದಾಗ ಫೋನ್ ಬಂತು. ಅವನೇ, ಮೇಲಿಂದ. 'ಅಪ್ಪಾ, ಬ್ರೇಕ್ ಸವೆದು ಹೋಗಿದೆ, ಲಿಫ್ಟ್ ನಿಲ್ಲಿಸಿ ಬೀಗ ಹಾಕಿ ಬರ್ಲಾ?' ಅಂತ ಕೇಳ್ದ. ನಿಲ್ಲಿಸಿದ್ರೆ ಮೇಲಿನವರು ಬರ್ತಾರೆ. ಕಾರ್ಡು ನನ್ನದು, ನನ್ನನ್ನೇ ಕರೀತಾರೆ, ಎಲ್ಲಿ ಸವೆದಿದೆ ತೋರಿಸು ಅಂತಾರೆ. ನಾನು ಏನು ತೋರಿಸಲಿ? ಸರಿ ಇದೆ ಅಂತ ಒತ್ತು, ಮುಂದಿನ ವಾರ ಬದಲಾಯಿಸಿದ್ರಾಯ್ತು ಅಂದೆ." ಅವರು ಜೇಬಿನ ಚೀಟಿಯನ್ನು ಅಂಗೈಯಿಂದ ಒತ್ತಿ ಹಿಡಿದರು. "ಅವನು ಮತ್ತೆ ಕೇಳ್ದ. 'ಬೇಡ ಅಪ್ಪಾ, ನಿಲ್ಲಿಸ್ತೀನಿ' ಅಂದ. ಅಪ್ಪ ಹೇಳ್ತಿದೀನಿ ಒತ್ತು ಅಂತ ಗದರಿಸಿದೆ. ನನ್ನ ಮಗ ಇವತ್ತಿನವರೆಗೆ ನನ್ನ ಮಾತು ಮೀರಿದವನಲ್ಲ."

ಹೊಲಿಗೆಯಮ್ಮ ಅಳಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. ಸತ್ತುಹೋದ ಆ ಟೀಚರ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ಫೋಟೋ ಪೇಪರಿನಲ್ಲಿ ಬಂದಿತ್ತು. ಅದನ್ನು ಹಿಡಿದು ಈ ಮನೆಯಲ್ಲಿ ಅತ್ತವಳು ಅವಳೊಬ್ಬಳೇ. ಆವತ್ತು ಪಕ್ಕದಲ್ಲೇ ಕೂತು ಸುಮ್ಮನಿದ್ದವರು ಇವರು.

ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈಯನ್ನು ಆಕೆ ಮೆಲ್ಲಗೆ ಇಳಿಸಿ ಪಕ್ಕಕ್ಕೆ ಸರಿದಳು.

ಮೇಸ್ತ್ರಿ ಬಾಗಿಲ ಚೌಕಟ್ಟಿಗಾಗಿ ಗಾಳಿಯಲ್ಲಿ ತಡಕಾಡಿದರು. ಹೆಂಡತಿ ಕೈ ಕೊಡಲಿಲ್ಲ.

ಅಷ್ಟರಲ್ಲಿ ವಿಮೆಯಕ್ಕನ ಚೀಲದಲ್ಲಿ ಫೋನು ಬಡಿದುಕೊಂಡಿತು. ವಕೀಲ. ಅವಳು ಹಲೋ ಎನ್ನುವುದಕ್ಕೂ ಪುರುಸೊತ್ತು ಕೊಡದೆ ಆತ ಶುರುಮಾಡಿದ, ಕೋಣೆಗೆಲ್ಲ ಕೇಳುವಷ್ಟು ಜೋರಾಗಿ.

"ನಿಮ್ಮ ಮೆಸೇಜ್ ನೋಡ್ದೆ, ಮೂಲ ದಾಖಲೆ ಸಿಕ್ತಂತೆ? ನಾನು ಅರ್ಜಿ ಬರೀತಾ ಕೂತಿದೀನಿ, ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ಆರಕ್ಕೆ ಕೋರ್ಟಿನ ಕಚೇರಿ ಮುಚ್ಚತ್ತೆ. ತಪಾಸಣೆ ಮಾಡಿದವನು ಯಾರು? ಒಂದೇ ಹೆಸರು ಹೇಳಿ ಅಕ್ಕಾ, ಅಪ್ಪನದೋ, ಮಗನದೋ?"